ಬೆಳಗಾವಿಯ ಬಿಡಾರದಿಂದ ಬಿಹಾರದವರೆಗೆ

ಸ್ವಾತಂತ್ರ್ಯ ಹೋರಾಟದ ದಿನಗಳಲ್ಲಿ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ ಕರೆತಂದು ಸೇವೆಗೆ ಅಣಿಗೊಳಿಸಿದವರು, ಭೂಕಂಪದಲ್ಲಿ ನೆಲೆ ಕಳೆದುಕೊಂಡವರ ನಡುವೆ ಹಗಲಿರುಳು ದುಡಿದವರು ಉಮಾಬಾಯಿ ಕುಂದಾಪುರ. ಅವರ ಬದುಕಿನ ಒಂದು ನೆನಪು.

ಬೆಳಗಾವಿಯಲ್ಲಿ 'ಕ್ಯಾಂಪ್' ಎಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1832ರಲ್ಲಿ ಬ್ರಿಟಿಷರು ನೆಲೆಗೊಳಿಸಿದ ದಂಡುಪ್ರದೇಶ ಅದು. ಸಾಲುಮರಗಳ ನೆರಳಿನ ರಸ್ತೆಗಳು, ಹಂಚಿನ ಹಳೆಯ ಬಂಗಲೆಗಳು, ಇಗರ್ಜಿಗಳು, ಸಿಪಾಯಿಗಳ ಕವಾಯತಿನ ಮೈದಾನ. ಊರಿನ ಗದ್ದಲದಿಂದ ಅಲ್ಲಿಗೆ ಕಾಲಿಟ್ಟೊಡನೆ ಶಿಸ್ತು ಎಂಬುದು ಕಣ್ಣಿಗೇ ಕಾಣುತ್ತದೆ.

ಆದರೆ ಇದೇ ಊರು ಇನ್ನೊಂದು ಬಗೆಯ ಕ್ಯಾಂಪನ್ನೂ ಕಂಡಿದೆ. ಅದಕ್ಕೆ ಬಂದೂಕು ಇರಲಿಲ್ಲ, ಕಲ್ಲಿನ ಕಟ್ಟಡ ಇರಲಿಲ್ಲ. 1924ರ ಡಿಸೆಂಬರಿನಲ್ಲಿ ತಿಳಕವಾಡಿಯ ಬಯಲಿನಲ್ಲಿ ಬಿದಿರು, ತಟ್ಟಿ, ಖಾದಿ ಬಟ್ಟೆಗಳಿಂದ ಎದ್ದು ನಿಂತ ಊರು ಅದು. ಹೆಸರು ವಿಜಯನಗರ. ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ, ಅಂದರೆ 39ನೆಯದು, ಅಲ್ಲಿ ಡಿಸೆಂಬರ್ 26 ಮತ್ತು 27ರಂದು ನಡೆಯಿತು. ಬಂದವರ ಬಾಯಾರಿಕೆ ನೀಗಲು ತೋಡಿದ ಬಾವಿಗೆ ಪಂಪಾ ಸರೋವರ ಎಂದು ಹೆಸರಿಟ್ಟರು. ಕಾಂಗ್ರೆಸ್ ಬಾವಿ ಎಂದು ಜನ ಕರೆದ ಆ ಬಾವಿ ವೀರಸೌಧದ ಆವರಣದಲ್ಲಿ ಇಂದಿಗೂ ಇದೆ.

ಅಧಿವೇಶನದ ಮಾತು ಬಂದಾಗಲೆಲ್ಲ ಗಾಂಧೀಜಿಯ ಹೆಸರು ಬರುತ್ತದೆ, ಕರ್ನಾಟಕದ ಸಿಂಹ ಗಂಗಾಧರರಾವ್ ದೇಶಪಾಂಡೆಯವರ ಹೆಸರು ಬರುತ್ತದೆ, ಸೇವಾದಳದ ಡಾ. ನಾ. ಸು. ಹರ್ಡೀಕರರ ಹೆಸರೂ ಬರುತ್ತದೆ. ಬರುವುದು ನ್ಯಾಯವೇ. ಆದರೆ ಆ ಬಿಡಾರದಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಸ್ವಯಂಸೇವಕಿಯರಾಗಿ ದುಡಿದಿದ್ದರು. ಅವರನ್ನು ಊರೂರು ಸುತ್ತಿ ಕೂಡಿಸಿ ತಂದವರು ಯಾರು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಆ ಉತ್ತರದ ಹೆಸರು ಉಮಾಬಾಯಿ ಕುಂದಾಪುರ.

ಭವಾನಿ ಉಮೆಯಾದದ್ದು

ಉಮಾಬಾಯಿ ಹುಟ್ಟಿದ್ದು 1892ರಲ್ಲಿ, ಕರಾವಳಿಯಲ್ಲಿ. ತವರಿನ ಹೆಸರು ಭವಾನಿ, ಮನೆತನ ಗೋಳಿಕೇರಿ. ತಂದೆ ಕೃಷ್ಣರಾಯರು, ತಾಯಿ ಜುಂಗಾಬಾಯಿ. ಕುಟುಂಬ ಮುಂಬಯಿ ಸೇರಿತು. ಆ ಕಾಲದ ರೂಢಿಯಂತೆ ಹದಿಮೂರನೆಯ ವಯಸ್ಸಿಗೆ ಮದುವೆಯಾಯಿತು. ಗಂಡ ಸಂಜೀವರಾವ್ ಕುಂದಾಪುರ.

ಹದಿಮೂರರ ಹುಡುಗಿ ಸೊಸೆಯಾಗಿ ಹೋದ ಮನೆಗಳಲ್ಲಿ ಸಾಮಾನ್ಯವಾಗಿ ಓದು ಅಲ್ಲಿಗೇ ಮುಗಿಯುತ್ತಿತ್ತು. ಈ ಮನೆಯಲ್ಲಿ ಓದು ಶುರುವಾಯಿತು. ಮಾವ ಆನಂದರಾವ್ ಕುಂದಾಪುರ ಸುಧಾರಣೆಯ ವಿಚಾರಗಳನ್ನು ಬರಿಯ ಭಾಷಣಕ್ಕೆ ಇಟ್ಟುಕೊಂಡವರಲ್ಲ. ಹೆಣ್ಣುಮಕ್ಕಳು ಓದಬೇಕು ಎಂದು ನಂಬಿದವರು ತಮ್ಮ ಸೊಸೆಯಿಂದಲೇ ಅದನ್ನು ಆರಂಭಿಸಿದರು. ಉಮಾಬಾಯಿ ಮದುವೆಯಾದ ಮೇಲೆ ಮೆಟ್ರಿಕ್ ಪಾಸು ಮಾಡಿದರು. ಬಳಿಕ ಗಾಂವದೇವಿ ಮಹಿಳಾ ಸಮಾಜದ ಕೆಲಸದಲ್ಲಿ ಮಾವನಿಗೆ ನೆರವಾಗಿ, ಇತರ ಹೆಂಗಸರಿಗೆ ತಾವೇ ಪಾಠ ಹೇಳತೊಡಗಿದರು.

1920ರ ಆಗಸ್ಟ್ 1ರಂದು ಲೋಕಮಾನ್ಯ ತಿಳಕರು ಮುಂಬಯಿಯಲ್ಲಿ ತೀರಿಕೊಂಡರು. ಅವರ ಅಂತಿಮ ಯಾತ್ರೆಗೆ ಸೇರಿದ ಜನಸಾಗರವನ್ನು ಕಂಡ ಉಮಾಬಾಯಿಯವರ ಮನಸ್ಸು ರಾಜಕೀಯದತ್ತ ತಿರುಗಿತು. ಕಾಂಗ್ರೆಸ್ಸಿನ ಸ್ವಯಂಸೇವಕಿಯಾದರು. ಖಾದಿಯನ್ನು ತಾವು ಉಟ್ಟದ್ದಷ್ಟೇ ಅಲ್ಲ, ಮನೆಮನೆಗೆ ಹೋಗಿ ಅದರ ಮಾತು ಹೇಳಿದರು. ಅಪರಿಚಿತರ ಬಾಗಿಲು ತಟ್ಟಿ, ಒಳಗಿನ ಹೆಂಗಸರೊಡನೆ ಕುಳಿತು ಮಾತಾಡಿ ಒಲಿಸಿಕೊಳ್ಳುವ ವಿದ್ಯೆ ಅವರಿಗೆ ಕೈಗೂಡಿದ್ದು ಈ ದಿನಗಳಲ್ಲೇ. ಮುಂದಿನ ಅವರ ಇಡೀ ಬದುಕು ಈ ಒಂದು ವಿದ್ಯೆಯ ಮೇಲೆ ನಿಂತಿತು ಎಂದರೂ ತಪ್ಪಾಗದು.

ಅಷ್ಟರಲ್ಲಿ ಕ್ಷಯರೋಗ ಗಂಡನನ್ನು ಕಸಿದುಕೊಂಡಿತು. ಎಳೆಯ ವಯಸ್ಸಿನಲ್ಲೇ ಉಮಾಬಾಯಿ ವಿಧವೆಯಾದರು. ಅಂದಿನ ಮೇಲ್ಜಾತಿಯ ಮನೆಗಳಲ್ಲಿ ವಿಧವೆ ಎಂದರೆ ತಲೆ ಬೋಳಿಸಿ, ಮಡಿ ಸೀರೆ ಉಡಿಸಿ, ಅಡುಗೆಮನೆಯ ಹಿಂದಿನ ಕತ್ತಲೆಗೆ ತಳ್ಳುವ ಜೀವ. ಶುಭಕಾರ್ಯಕ್ಕೆ ಎದುರಾಗಬಾರದ ಜೀವ. ಆನಂದರಾಯರು ಸೊಸೆಯನ್ನು ಆ ಕತ್ತಲೆಗೆ ಬಿಡಲಿಲ್ಲ. ಆಕೆಯೊಡನೆ ಹುಬ್ಬಳ್ಳಿಗೆ ಬಂದು ನೆಲೆಸಿದರು. ಅಲ್ಲಿ ಕರ್ನಾಟಕ ಪ್ರೆಸ್ ಎಂಬ ಮುದ್ರಣಾಲಯ ಆರಂಭವಾಯಿತು. ಹೆಣ್ಣುಮಕ್ಕಳಿಗಾಗಿ ತಿಳಕ ಕನ್ಯಾಶಾಲೆ ನಡೆಯಿತು. ಅದರ ಹೊಣೆ ಉಮಾಬಾಯಿಯವರದಾಯಿತು. ಹೆಂಗಸರನ್ನು ಒಂದುಗೂಡಿಸಲು ಭಗಿನಿ ಮಂಡಲವನ್ನೂ ಅವರು ಕಟ್ಟಿದರು.

ಕಸ, ನೀರು, ಕ್ಯೂ

ಹುಬ್ಬಳ್ಳಿಯಲ್ಲಿ ಡಾ. ಹರ್ಡೀಕರರು ಸೇವಾಮಂಡಲ ಕಟ್ಟಿಕೊಂಡಿದ್ದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಸೇರಿದ ಆ ಮಂಡಲದ ಹುಡುಗರು ಎಂಥ ಹಿಂಸೆಗೂ ಬಗ್ಗದೆ, ಕ್ಷಮೆ ಬರೆದುಕೊಡದೆ ನಿಂತರು. ಆ ಗಟ್ಟಿತನವನ್ನು ದೇಶ ಗಮನಿಸಿತು. ಅದೇ ವರ್ಷದ ಕೊನೆಗೆ ಕಾಕಿನಾಡ ಅಧಿವೇಶನದ ಹೊತ್ತಿಗೆ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಅದರ ಮಹಿಳಾ ವಿಭಾಗದ ಹೊಣೆ ಉಮಾಬಾಯಿಯವರ ಹೆಗಲೇರಿತು. ಕಮಲಾದೇವಿ ಚಟ್ಟೋಪಾಧ್ಯಾಯರೂ ಸೇವಾದಳದ ಕೆಲಸದಲ್ಲಿ ತೊಡಗಿದವರೇ.

ಬೆಳಗಾವಿ ಅಧಿವೇಶನ ದಳಕ್ಕೆ ಎದುರಾದ ಮೊದಲ ದೊಡ್ಡ ಪರೀಕ್ಷೆ. ಉಮಾಬಾಯಿ ಕರ್ನಾಟಕದ ಊರುಗಳನ್ನು ಸುತ್ತಿದರು. ಅವರ ಮಾತಿಗೆ ಓಗೊಟ್ಟು ಬಂದವರಲ್ಲಿ ವಿಧವೆಯರೂ ಅನೇಕರಿದ್ದರು. ಮನೆಯ ಹೊಸ್ತಿಲು ದಾಟಲು ನೂರು ಅಪ್ಪಣೆ ಬೇಕಿದ್ದ ಕಾಲದಲ್ಲಿ, ಗಂಡಸರು ಹೆಂಗಸರೆನ್ನದೆ ದೇಶದ ನಾನಾ ಕಡೆಯ ಜನ ನೆರೆದ ಬಿಡಾರದಲ್ಲಿ ದುಡಿಯಲು ಅವರನ್ನು ಒಪ್ಪಿಸುವುದು, ಅವರ ಮನೆಯ ಹಿರಿಯರನ್ನು ಒಪ್ಪಿಸುವುದು ಸಣ್ಣ ಕೆಲಸವಾಗಿರಲಿಲ್ಲ. ಸ್ವತಃ ವಿಧವೆಯಾದ, ಓದು ಬಲ್ಲ, ಮಾವನ ಬೆಂಬಲವಿದ್ದ ಹೆಂಗಸು ಮುಂದೆ ನಿಂತದ್ದರಿಂದಲೇ ಎಷ್ಟೋ ಬಾಗಿಲುಗಳು ತೆರೆದಿರಬೇಕು.

ಅಧಿವೇಶನ ಎಂದರೆ ವೇದಿಕೆಯ ಭಾಷಣ ಮಾತ್ರ ಎಂದು ತಿಳಿದವರಿಗೆ ಆ ಬಿಡಾರದ ಕಷ್ಟ ಅರ್ಥವಾಗದು. ಸಾವಿರಾರು ಜನ ಕೆಲವೇ ದಿನಗಳ ಮಟ್ಟಿಗೆ ಬಯಲಿನಲ್ಲಿ ಬಿಡಾರ ಹೂಡಿದರೆ ಮೊದಲು ಬೇಕಾಗುವುದು ನೀರು. ಆಮೇಲೆ ಊಟ. ಅದಕ್ಕಿಂತಲೂ ಮುಖ್ಯವಾಗಿ ಕಕ್ಕಸು ಮತ್ತು ಕಸದ ವಿಲೇವಾರಿ. ಇವುಗಳಲ್ಲಿ ಒಂದು ತಪ್ಪಿದರೂ ಮೂರನೆಯ ದಿನಕ್ಕೆ ವಾಂತಿಭೇದಿ ಬರುತ್ತದೆ. ಬೆಳಗಾವಿಯಲ್ಲಿ ಕಕ್ಕಸು ತೊಳೆಯುವ ಕೆಲಸವನ್ನು ಜಾತಿಯ ಕಟ್ಟು ಮುರಿದು ಸ್ವಯಂಸೇವಕರೇ ಮಾಡಿದರು. ದಾರಿ ತಪ್ಪಿದವರನ್ನು ಬಿಡಾರಕ್ಕೆ ಮುಟ್ಟಿಸುವುದು, ನೂಕುನುಗ್ಗಲಾಗದಂತೆ ಸಾಲು ಹಿಡಿಸುವುದು, ಕಾಯಿಲೆ ಬಿದ್ದವರಿಗೆ ಉಪಚಾರ, ಹೆಂಗಸರ ಬಿಡಾರದ ಕಾವಲು ಇವೆಲ್ಲ ಇಂಥ ನೆರವಿಯಲ್ಲಿ ಕಣ್ಣಿಗೆ ಬೀಳದೆ ನಡೆಯಬೇಕಾದ ಕೆಲಸಗಳು. ಚೆನ್ನಾಗಿ ನಡೆದರೆ ಯಾರೂ ಅವುಗಳ ಮಾತೆತ್ತುವುದಿಲ್ಲ. ಕೆಟ್ಟರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ.

ಈ ಬಿಡಾರದ ಪಾಠ ಹತ್ತು ವರ್ಷದ ಬಳಿಕ, ಊಹಿಸಿರದ ಕಡೆ, ಉಮಾಬಾಯಿಯವರ ನೆರವಿಗೆ ಬಂತು.

ಜೈಲು, ಜಪ್ತಿ, ಮತ್ತೆ ತೆರೆದ ಬಾಗಿಲು

ಅದಕ್ಕೆ ಮೊದಲು ಜೈಲು ಬಂತು. 1932ರಲ್ಲಿ ಕಾನೂನುಭಂಗ ಚಳವಳಿಯ ಎರಡನೆಯ ಸುತ್ತಿನಲ್ಲಿ ಸರಕಾರ ಸೇವಾದಳವನ್ನು ನಿಷೇಧಿಸಿತು. ಉಮಾಬಾಯಿಯವರನ್ನು ಬಂಧಿಸಿ ನಾಲ್ಕು ತಿಂಗಳು ಯರವಡಾ ಜೈಲಿನಲ್ಲಿ ಇಟ್ಟರು. ಅವರು ಒಳಗಿದ್ದಾಗಲೇ ಹುಬ್ಬಳ್ಳಿಯಲ್ಲಿ ಮಾವ ಆನಂದರಾಯರು ತೀರಿಕೊಂಡರು. ಹದಿಮೂರರ ಹುಡುಗಿಯ ಕೈಗೆ ಪುಸ್ತಕ ಕೊಟ್ಟವರು, ವಿಧವೆ ಸೊಸೆಯ ಬೆನ್ನಿಗೆ ಬಂಡೆಯಂತೆ ನಿಂತವರು. ಅವರ ಕೊನೆಯ ಹೊತ್ತಿನಲ್ಲಿ ಪಕ್ಕದಲ್ಲಿ ಇರುವ ಭಾಗ್ಯವೂ ಸೊಸೆಗೆ ಸಿಗಲಿಲ್ಲ.

ಹೊರಗೆ ಬಂದಾಗ ಕರ್ನಾಟಕ ಪ್ರೆಸ್ ಜಪ್ತಿಯಾಗಿತ್ತು. ಕನ್ಯಾಶಾಲೆಗೆ ಬೀಗಮುದ್ರೆ ಬಿದ್ದಿತ್ತು. ಭಗಿನಿ ಮಂಡಲ ಕಾನೂನುಬಾಹಿರ ಎನಿಸಿಕೊಂಡಿತ್ತು. ಹತ್ತು ವರ್ಷ ಕಟ್ಟಿದ್ದೆಲ್ಲ ಒಂದೇ ಏಟಿಗೆ ಹೋಗಿತ್ತು.

ಉಳಿದದ್ದು ಮನೆ ಒಂದೇ. ಆ ಮನೆಯೂ ಅವರೊಬ್ಬರದಾಗಿ ಉಳಿಯಲಿಲ್ಲ. ಚಳವಳಿಗೆ ಇಳಿದು ಜೈಲು ಕಂಡ ಹೆಣ್ಣುಮಕ್ಕಳು ಬಿಡುಗಡೆಯಾಗಿ ಬಂದಾಗ ಎಷ್ಟೋ ಜನರಿಗೆ ಊರಿಗೆ ಮರಳಲು ಗಾಡಿ ಖರ್ಚಿಗೂ ಕಾಸಿರುತ್ತಿರಲಿಲ್ಲ. ಜೈಲಿಗೆ ಹೋಗಿಬಂದ ಹೆಂಗಸನ್ನು ಮನೆಯವರು ಹೇಗೆ ಕಾಣುತ್ತಾರೋ ಎಂಬ ಅಳುಕು ಬೇರೆ. ಅಂಥವರಿಗೆ ಹುಬ್ಬಳ್ಳಿಯಲ್ಲಿ ಉಮಾಬಾಯಿಯವರ ಮನೆ ತಂಗುದಾಣವಾಯಿತು. ತಲೆಯ ಮೇಲೊಂದು ಸೂರು, ಎರಡು ಹೊತ್ತಿನ ಊಟ, ಧೈರ್ಯದ ನಾಲ್ಕು ಮಾತು. ನಿರಾಶ್ರಿತರ ಶಿಬಿರ ನಡೆಸುವುದನ್ನು ಉಮಾಬಾಯಿ ಒಂದು ರೀತಿಯಲ್ಲಿ ಮೊದಲು ತಮ್ಮ ಮನೆಯಲ್ಲೇ ನಡೆಸಿದ್ದರು.

ನೆಲ ಬಿರಿದ ಮಧ್ಯಾಹ್ನ

1934ರ ಜನವರಿ 15, ಸೋಮವಾರ. ಮಧ್ಯಾಹ್ನ ಎರಡು ಗಂಟೆ ದಾಟಿದ ಸ್ವಲ್ಪ ಹೊತ್ತಿಗೆ ಉತ್ತರ ಬಿಹಾರ ಮತ್ತು ನೇಪಾಳದ ನೆಲ ನಡುಗಿತು. ಭೂಕಂಪದ ತೀವ್ರತೆ 8ರಷ್ಟು ಎಂದು ತಜ್ಞರು ಲೆಕ್ಕ ಹಾಕಿದ್ದಾರೆ. ಮುಂಗೇರ್ ಪಟ್ಟಣ ಇಟ್ಟಿಗೆಯ ರಾಶಿಯಾಯಿತು. ಮುಜಫ್ಫರಪುರ, ದರ್ಭಂಗಾ, ಮೋತಿಹಾರಿಗಳಲ್ಲಿ ಮನೆಗಳು ಉರುಳಿದವು. ಬಿಹಾರವೊಂದರಲ್ಲೇ ಸತ್ತವರು ಏಳು ಸಾವಿರಕ್ಕೂ ಮಿಕ್ಕು. ನೇಪಾಳದಲ್ಲಿ ಮತ್ತೆ ಸಾವಿರಾರು ಜನ.

ಭೂಮಿ ಬಿರಿದ ಕಡೆಯಲ್ಲೆಲ್ಲ ಒಳಗಿನಿಂದ ನೀರೂ ಮರಳೂ ಉಕ್ಕಿ ಬಂದವು. ಫಲವತ್ತಾದ ಹೊಲಗಳು ಮರಳಿನಡಿ ಹೂತವು. ಬಾವಿಗಳು ಮರಳು ತುಂಬಿ ಮುಚ್ಚಿಹೋದವು. ಸಕ್ಕರೆ ಕಾರ್ಖಾನೆಗಳು ಕುಸಿದಿದ್ದರಿಂದ ನಿಂತ ಕಬ್ಬನ್ನು ನುರಿಸುವವರಿಲ್ಲ. ಬದುಕಿ ಉಳಿದವರಿಗೆ ಚಳಿಗಾಲದಲ್ಲಿ ಸೂರಿಲ್ಲ, ಕುಡಿಯಲು ಶುದ್ಧ ನೀರಿಲ್ಲ. ಜೈಲುವಾಸದಲ್ಲಿ ಕಾಯಿಲೆ ಬಿದ್ದಿದ್ದ ಬಾಬು ರಾಜೇಂದ್ರ ಪ್ರಸಾದರು ಎರಡು ದಿನಕ್ಕೆ ಬಿಡುಗಡೆಯಾದರು. ಬಂದವರೇ ಪರಿಹಾರದ ಕೆಲಸಕ್ಕೆ ಇಳಿದರು. ಅವರ ಮುಂದಾಳುತನದ ಬಿಹಾರ ಕೇಂದ್ರ ಪರಿಹಾರ ಸಮಿತಿಗೆ ದೇಶದ ಮೂಲೆಮೂಲೆಯಿಂದ ಹಣ, ಬಟ್ಟೆ, ಕಂಬಳಿ ಬಂದವು. ಕೆಲಸ ಮಾಡುವ ಕೈಗಳೂ ಬಂದವು.

ಆ ಕೈಗಳಲ್ಲಿ ಕರ್ನಾಟಕದವೂ ಇದ್ದವು. ಸೇವಾದಳದ ಮೇಲಿನ ನಿಷೇಧ ಇನ್ನೂ ತೆರವಾಗಿರಲಿಲ್ಲ. ಆದರೂ ಹರ್ಡೀಕರರ ಗರಡಿಯಲ್ಲಿ ಪಳಗಿದ ಕಾರ್ಯಕರ್ತರು ಹೊರಟರು, ಉಮಾಬಾಯಿಯೂ ಹೊರಟರು. ಹುಬ್ಬಳ್ಳಿಯಿಂದ ಬಿಹಾರ ಎಂದರೆ ಆ ಕಾಲಕ್ಕೆ ರೈಲಿನಲ್ಲಿ ದಿನಗಟ್ಟಲೆಯ ದಾರಿ. ಭಾಷೆ ಬೇರೆ, ಊಟ ಬೇರೆ, ಹವೆ ಬೇರೆ. ನಿರಾಶ್ರಿತರ ಶಿಬಿರಗಳಲ್ಲಿ ಅವರು ಹಗಲಿರುಳು ದುಡಿದರು. ರಾಜೇಂದ್ರ ಪ್ರಸಾದ್, ಆಚಾರ್ಯ ಕೃಪಲಾನಿಯವರಂಥ ನಾಯಕರ ನಿಕಟ ಪರಿಚಯ ಉಮಾಬಾಯಿಯವರಿಗೆ ಆದದ್ದು ಇಲ್ಲೇ. ಅದು ಸಭೆಯಲ್ಲಿ ಆದ ಪರಿಚಯವಲ್ಲ, ಕೆಲಸದಲ್ಲಿ ಆದ ಪರಿಚಯ.

ಇಂಥ ಶಿಬಿರದಲ್ಲಿ ಹೆಣ್ಣು ಕಾರ್ಯಕರ್ತೆಯ ಬೆಲೆ ಏನು ಎಂಬುದನ್ನು ಸ್ವಲ್ಪ ಯೋಚಿಸಬೇಕು. ಪರದೆಯ ಪದ್ಧತಿ ಬಲವಾಗಿದ್ದ ನಾಡು ಅದು. ಗಂಡನನ್ನೋ ಮಗುವನ್ನೋ ಕಳೆದುಕೊಂಡ ಹೆಂಗಸು ತನ್ನ ಗಾಯವನ್ನು ಪರಗಂಡಸಿಗೆ ತೋರಿಸುವುದು ದೂರ, ತನಗೇನು ಬೇಕೆಂದು ಬಾಯಿ ಬಿಟ್ಟೂ ಹೇಳಳು. ಬಸುರಿಯರು, ಬಾಣಂತಿಯರು, ಎಳೆಗೂಸುಗಳು ಇರುವ ಕಡೆ ಹಂಚಬೇಕಾದದ್ದು ಧಾನ್ಯ, ಕಂಬಳಿ ಮಾತ್ರವಲ್ಲ. ಹತ್ತಿರ ಹೋಗಿ ಕುಳಿತು ಕೇಳುವ ಇನ್ನೊಬ್ಬ ಹೆಂಗಸು ಅಲ್ಲಿ ಬೇಕು. ಮುಂಬಯಿಯ ಮನೆಬಾಗಿಲುಗಳಲ್ಲಿ ಖಾದಿಯ ಮಾತು ಹೇಳುತ್ತ ಕಲಿತ ವಿದ್ಯೆ, ತಿಳಕವಾಡಿಯ ಬಯಲಿನಲ್ಲಿ ಕಲಿತ ಶಿಸ್ತು, ಹುಬ್ಬಳ್ಳಿಯ ಮನೆಯಲ್ಲಿ ನೊಂದವರಿಗೆ ಅನ್ನ ಬಡಿಸಿದ ಅನುಭವ ಮೂರೂ ಇಲ್ಲಿ ಒಂದಾದವು.

ಒಂದು ಹಿಡಿ ಅಕ್ಕಿ

1942ರ 'ಚಲೇಜಾವ್' ಚಳವಳಿಯ ಹೊತ್ತಿಗೆ ಉಮಾಬಾಯಿಯವರಿಗೆ ಐವತ್ತು ವರ್ಷ. ಬಯಲಿಗೆ ಬಂದು ಹೋರಾಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಆದರೆ ಭೂಗತರಾಗಿ ಓಡಾಡುತ್ತಿದ್ದ ಕಾರ್ಯಕರ್ತರು ಕತ್ತಲೆಯಲ್ಲಿ ಬಂದು ಬಾಗಿಲು ತಟ್ಟಿದರೆ ಅದು ತೆರೆಯುತ್ತಿತ್ತು. ಅನ್ನ, ಆಸರೆ, ಕೈಲಾದಷ್ಟು ಹಣ ಸಿಗುತ್ತಿತ್ತು.

1944ರ ಫೆಬ್ರವರಿ 22ರಂದು ಕಸ್ತೂರಬಾ ಅವರು ಪುಣೆಯ ಆಗಾಖಾನ್ ಅರಮನೆಯ ಸೆರೆಯಲ್ಲಿ ತೀರಿಕೊಂಡರು. ಅವರ ನೆನಪಿಗೆ ದೇಶ ಕೂಡಿಸಿದ ನಿಧಿಯನ್ನು ಹಳ್ಳಿಯ ಹೆಂಗಸರು ಮತ್ತು ಮಕ್ಕಳಿಗಾಗಿಯೇ ಬಳಸಬೇಕೆಂದು ಗಾಂಧೀಜಿ ಬಯಸಿದರು. ಹೀಗೆ ಹುಟ್ಟಿದ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಪ್ರತಿನಿಧಿಯಾಗಿ 1946ರಲ್ಲಿ ಗಾಂಧೀಜಿ ಆರಿಸಿದ್ದು ಉಮಾಬಾಯಿಯವರನ್ನು. ಹಳ್ಳಿಯ ಹೆಣ್ಣುಮಕ್ಕಳನ್ನೇ ಗ್ರಾಮಸೇವಿಕೆಯರಾಗಿ ತರಬೇತು ಮಾಡುವುದು ಕೆಲಸ. ಅಕ್ಷರ, ಆರೋಗ್ಯ, ಶಿಶುಪಾಲನೆ, ನೂಲುವಿಕೆ ಕಲಿತ ಆ ಸೇವಿಕೆಯರು ತಿರುಗಿ ಹಳ್ಳಿಗೇ ಹೋಗಿ ನಿಲ್ಲಬೇಕು.

ಹಣದ ಕೊರತೆ ಮಾತ್ರ ಬೆನ್ನು ಬಿಡಲಿಲ್ಲ. ಅದಕ್ಕೆ ಉಮಾಬಾಯಿ ಕಂಡುಕೊಂಡ ದಾರಿ ಮುಷ್ಟಿಫಂಡು. ಮನೆಯೊಡತಿ ದಿನವೂ ಅಡುಗೆಗೆ ಅಕ್ಕಿಯನ್ನೋ ಜೋಳವನ್ನೋ ಅಳೆಯುವಾಗ ಒಂದು ಹಿಡಿ ಬೇರೆ ತೆಗೆದಿಡಬೇಕು. ಅದನ್ನು ಮನೆಮನೆಗೆ ಹೋಗಿ ಕೂಡಿಸಬೇಕು. ಸಿರಿವಂತರ ದೊಡ್ಡ ದೇಣಿಗೆಗಿಂತ ಈ ಹಿಡಿಯಲ್ಲಿ ಒಂದು ಹೆಚ್ಚಿನ ಗುಣವಿತ್ತು. ಕೈಯಲ್ಲಿ ರೊಕ್ಕವಿಲ್ಲದ ಹೆಂಗಸೂ ಗಂಡನ ಅಪ್ಪಣೆ ಕೇಳದೆ ದಾನಿಯಾಗಬಹುದಿತ್ತು.

ತಾಮ್ರಪತ್ರ ಬೇಡ

ಸ್ವಾತಂತ್ರ್ಯ ಬಂತು. ಜೊತೆಯಲ್ಲಿ ದುಡಿದವರು ಮಂತ್ರಿಗಳಾದರು. ಬಿಹಾರದಲ್ಲಿ ಪರಿಚಯವಾದ ರಾಜೇಂದ್ರ ಬಾಬು ರಾಷ್ಟ್ರಪತಿಗಳೇ ಆದರು. ಉಮಾಬಾಯಿ ಯಾರ ಬಾಗಿಲಿಗೂ ಹೋಗಲಿಲ್ಲ. ಸ್ಥಾನಮಾನಗಳು ಬೇಡವೆಂದರು. ಸ್ವಾತಂತ್ರ್ಯ ಯೋಧರಿಗೆ ಸಲ್ಲುವ ಪಿಂಚಣಿ ಬೇಡವೆಂದರು. ತಾಮ್ರಪತ್ರವನ್ನೂ ಒಲ್ಲೆನೆಂದರು. ಹುಬ್ಬಳ್ಳಿಯ ಪುಟ್ಟ ಮನೆಯಲ್ಲಿ ಸರಳವಾಗಿ ಬಾಳಿದರು. ಆ ಮನೆಯ ಹೆಸರು 'ಆನಂದ ಸ್ಮೃತಿ'. ಮಾವನ ನೆನಪನ್ನು ಅವರು ಕೊನೆಯವರೆಗೂ ಬಾಗಿಲ ಮೇಲೆಯೇ ಇಟ್ಟುಕೊಂಡಿದ್ದರು. 1992ರಲ್ಲಿ, ನೂರರ ಅಂಚಿನಲ್ಲಿ, ಉಮಾಬಾಯಿ ಕಣ್ಣು ಮುಚ್ಚಿದರು.

ನಿಸ್ಪೃಹತೆ ದೊಡ್ಡ ಗುಣ. ಆದರೆ ಅದಕ್ಕೊಂದು ಬೆಲೆಯೂ ಇದೆ. ತನ್ನ ಹೆಸರನ್ನು ತಾನೇ ಒರೆಸಿಕೊಂಡವರನ್ನು ಲೋಕ ಬೇಗ ಮರೆಯುತ್ತದೆ. ಅವರೊಡನೆ ಬೆಳಗಾವಿಯ ಬಿಡಾರದಲ್ಲಿ ದುಡಿದ ಆ ನೂರೈವತ್ತು ಮಂದಿಯಲ್ಲಿ ಬಹುಪಾಲು ಹೆಸರುಗಳನ್ನು ಇಂದು ಹೇಳುವವರೇ ಇಲ್ಲ. 2024ರಲ್ಲಿ ಬೆಳಗಾವಿ ಅಧಿವೇಶನಕ್ಕೆ ನೂರು ತುಂಬಿದಾಗ ನಗರ ದೀಪಗಳಿಂದ ಝಗಮಗಿಸಿತು. ಕಸ ಗುಡಿಸಿದವರ, ನೀರು ಕೊಟ್ಟವರ ಪಟ್ಟಿ ಎಂದಿನಂತೆ ಹಿಂದೆಯೇ ಉಳಿಯಿತು.

ಮಳೆಯ ನಾಡಿನಲ್ಲಿ ಇಂದು

ಆಪತ್ತಿನ ನಿರ್ವಹಣೆಗೆ ಈಗ ಕಾಯಿದೆ ಇದೆ. 2005ರಲ್ಲಿ ಬಂದ ವಿಪತ್ತು ನಿರ್ವಹಣಾ ಕಾಯಿದೆಯಿಂದಾಗಿ ದೆಹಲಿಯಿಂದ ಜಿಲ್ಲೆಯವರೆಗೆ ಪ್ರಾಧಿಕಾರಗಳಿವೆ. ದೋಣಿ, ಹಗ್ಗ, ಯಂತ್ರಗಳೊಡನೆ ಧಾವಿಸುವ ಪಡೆಗಳಿವೆ. 2019ರ ಆಗಸ್ಟಿನ ಮಹಾಪೂರದಲ್ಲಿ ಬೆಳಗಾವಿ ಜಿಲ್ಲೆ ಮುಳುಗಿದಾಗ ಸೇನೆ, ವಾಯುಪಡೆ, ವಿಪತ್ತು ಸ್ಪಂದನಾ ಪಡೆಗಳು ಬಂದವು. ಬೆಳಗಾವಿ ಬಳಿಯ ಕಬಲಾಪುರದಲ್ಲಿ ನೀರಿನ ನಡುವೆ ಮರವೇರಿ ಕುಳಿತಿದ್ದ ದಂಪತಿಯನ್ನು ಉಳಿಸಿದ ಸುದ್ದಿ ನಾಡಿನ ಕಣ್ಣಲ್ಲಿ ನೀರು ತರಿಸಿತ್ತು.

ಆದರೆ ಪಡೆಗಳು ಬರುವ ಮುನ್ನದ ಹೊತ್ತೊಂದಿದೆ. ಅದು ಊರವರೇ ಊರವರಿಗೆ ಆಗಬೇಕಾದ ಹೊತ್ತು. ಬೆಳಗಾವಿಯಿಂದ ದಕ್ಷಿಣಕ್ಕೆ ಖಾನಾಪುರ ದಾಟಿ ಭೀಮಗಡದ ಕಾಡಿಗೆ ಇಳಿದರೆ ಇದು ಮನಗಾಣುತ್ತದೆ. ಗವಾಳಿ, ಕೊಂಗಳಾ, ಪಾಸ್ಟೋಲಿ, ಆಮಗಾಂವ್ ಇವೆಲ್ಲ ಕಾಡಿನ ನಡುವಣ ಊರುಗಳು. ಆಮಗಾಂವದಲ್ಲಿ 2010ರಲ್ಲಿ ಬಿದ್ದ ಮಳೆ ಹತ್ತು ಸಾವಿರ ಮಿಲಿಮೀಟರ್ ದಾಟಿತ್ತು. ಮುಂಗಾರಿನಲ್ಲಿ ಹಳ್ಳ ಉಕ್ಕಿದರೆ ದಾರಿ ಕಡಿಯುತ್ತದೆ. 2024ರ ಮಳೆಗಾಲದಲ್ಲಿ ಆಮಗಾಂವದ ಕಾಯಿಲೆಯ ಹೆಂಗಸೊಬ್ಬರನ್ನು ಊರ ಗಂಡಸರು ಕಟ್ಟಿಗೆಯ ಡೋಲಿಯಲ್ಲಿ ಮಲಗಿಸಿ, ಮಳೆಯಲ್ಲಿ ನೆನೆಯುತ್ತ ಕಾಡಿನ ದಾರಿಯಲ್ಲಿ ಮೈಲುಗಟ್ಟಲೆ ಹೊತ್ತು ತರಬೇಕಾಯಿತು. ಇದೇ ತಾಲ್ಲೂಕಿನ ಕಾಡಂಚಿನಲ್ಲಿ ದನಗಾಹಿ ಗವಳಿಗರಿದ್ದಾರೆ, ಸಿದ್ದಿಯರಿದ್ದಾರೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರೂ ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಯರಿಗೆ ಆ ಮಾನ್ಯತೆ ಸಿಕ್ಕಿದ್ದು 2020ರಲ್ಲಿ. ಆಪತ್ತು ಮೊದಲು ಮುಟ್ಟುವ, ನೆರವು ಕೊನೆಗೆ ಮುಟ್ಟುವ ಜನ ಇವರು.

ಇಂಥ ಕಡೆ ಮೊದಲು ನೆರವಾಗುವವರು ಯಾರು? ಊರಿನಲ್ಲೇ ಇರುವ ಆಶಾ ಕಾರ್ಯಕರ್ತೆ, ಅಂಗನವಾಡಿಯ ಅಕ್ಕ, ಬಾಣಂತನ ಬಲ್ಲ ಮುದುಕಿ, ಹೆಗಲು ಕೊಡುವ ನೆರೆಯವರು. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕರಿದ್ದಾರೆ ಎಂಬುದು ಅವರಿಗೆ ಗೊತ್ತು. ಉಮಾಬಾಯಿಯವರು ತರಬೇತು ಮಾಡಲು ಹೊರಟ ಗ್ರಾಮಸೇವಿಕೆ ಇವರ ಹಿರಿಯಕ್ಕ.

ಆಪತ್ತು ಬಂದ ದಿನ ಸೇವೆ ಶುರುವಾಗುವುದಿಲ್ಲ. ಅದಕ್ಕೆ ಎಷ್ಟೋ ವರ್ಷ ಮೊದಲೇ, ಯಾವುದೋ ಬಯಲಿನಲ್ಲಿ ಸಾಲು ಹಿಡಿಸುವುದನ್ನು, ಬಾವಿ ಶುಚಿಯಾಗಿಡುವುದನ್ನು, ಅಪರಿಚಿತರ ಪಕ್ಕದಲ್ಲಿ ಕುಳಿತು ಕೇಳುವುದನ್ನು ಯಾರಾದರೂ ಕಲಿತಿರಬೇಕು, ಕಲಿಸಿರಬೇಕು. ಬೆಳಗಾವಿಯ ಕಾಂಗ್ರೆಸ್ ಬಾವಿಯನ್ನು ನೋಡಲು ಬರುವವರಿಗೆ ಗಾಂಧೀಜಿಯ ಕತೆಯೊಡನೆ ಈ ಹೆಂಗಸರ ಕತೆಯನ್ನೂ ಹೇಳಬೇಕು. ಉಮಾಬಾಯಿ ಪಿಂಚಣಿ ಬೇಡವೆಂದರು, ತಾಮ್ರಪತ್ರ ಬೇಡವೆಂದರು. ನೆನಪನ್ನು ಬೇಡವೆಂದಿರಲಿಲ್ಲ.